ಗಂಟೆ ಒಡೆದ ಕತೆ

ನನಗೆ ಯಾರ ಮೇಲೂ ಸುಮ್ಮಸುಮ್ಮನೆ ಅನುಮಾನ ಬರುವುದಿಲ್ಲ. ಬಂದಿತೋ, ಹೋಗುವುದೂ ಇಲ್ಲ. ಮೀನಿನವನು ನಗುತ್ತಾ ತೂಗಿದರೆ ನಾನು ತಕ್ಕಡಿಯ ತಳ ನೋಡುತ್ತೇನೆ. "ನಮ್ಮ ಪೆಣ್ಣಮ್ಮ ಮೊಸರಲ್ಲಿ ಕಲ್ಲು ಹುಡುಕೋಳು" ಎಂದು ನನ್ನ ಯಜಮಾನರಾದ ಅವಿರಾ, ಮದುವೆಯಾದ ಹೊಸತರಲ್ಲೇ, ಊರಿಗೆಲ್ಲ ಸಾರಿದ್ದರು. ಹುಡುಕಿದ್ದಕ್ಕೇ ಅಲ್ಲವೇ, ಈ ವಯಸ್ಸಿನಲ್ಲೂ ಅವರ ಬಾಯಲ್ಲಿ ಹಲ್ಲು ಉಳಿದಿರುವುದು!

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹೊತ್ತಿಗೆ ಒಂದು ದಿನ ಕಪ್ಯಾರ್ ಪೈಲಿ ನಮ್ಮ ಅಂಗಳಕ್ಕೆ ಬಂದ. ಇಗರ್ಜಿಯ ಗಂಟೆ ಹೊಡೆಯುವವನು, ಮೇಣದಬತ್ತಿ ಹಚ್ಚುವವನು ಅವನೇ. ಎಡಗಾಲು ಕುಂಟು, ನಾಲಿಗೆ ಮಾತ್ರ ಓಟದ ಕುದುರೆ. ಊರಿನ ಎಲ್ಲರಂತೆ ಅವನಿಗೂ ನಾನು ಚೇಡತ್ತಿ, ದೊಡ್ಡಕ್ಕ.

"ಚೇಡತ್ತೀ, ಕೇಳಿದ್ರಾ? ನಮ್ಮ ಇಗರ್ಜಿ ಕೆಳಗೆ ಸುರಂಗ ಇದೆಯಂತೆ!"

"ಯಾರಪ್ಪಾ ತೋಡಿದ್ದು? ಪಾಯಿಖಾನೆ ಗುಂಡಿ ತೋಡ್ಸೋಕೇ ನಮ್ಮೋರು ಮೂರು ವರ್ಷ ಮೀಟಿಂಗ್ ಮಾಡಿದ್ರು."

"ನಾನು ಹೇಳ್ತಿಲ್ಲ ಮಾರಾಯ್ತಿ, ಪೇಪರಲ್ಲಿ ಬಂದಿದೆ."

ಪೇಪರಲ್ಲ, ವಾರಪತ್ರಿಕೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಳೆಗೊನೆಯ ಪಕ್ಕ ನೇತಾಡುತ್ತದಲ್ಲ, ಅಂಥದ್ದು. ಅದರಲ್ಲಿ "ಪಾಪನಿವೇದನೆಯ ಕಿಟಕಿ" ಎಂಬ ಧಾರಾವಾಹಿ, ಬರೆಯುವವರು ನೀಲಿಮ ಎಂಬ ಯಾರೋ. ಕತೆಯ ಪಾದ್ರಿ ಪಾಪನಿವೇದನೆಯಲ್ಲಿ ಕೇಳಿದ ಗುಟ್ಟುಗಳನ್ನು ಬಡ್ಡಿಯವರಿಗೆ ಮಾರುತ್ತಾನಂತೆ. ಬಲಿಪೀಠದ ಕೆಳಗಿನ ಸುರಂಗದಲ್ಲಿ ಒಂದು ಗುಪ್ತ ಸಂಘವಂತೆ, ಅವರ ಹತ್ತಿರ ಯಾರೂ ನೋಡದ ಇನ್ನೊಂದು ಸುವಾರ್ತೆಯಂತೆ. ಕರ್ತನ ಕಡೆಯ ಊಟವನ್ನು ನೆನೆಯುವ ಪೆಸಹಾ ಗುರುವಾರ ಅವರು ಹಾಲಿಗೆ ಕೋಳಿಯ ರಕ್ತ ಬೆರೆಸಿ ಕುಡಿಯುತ್ತಾರಂತೆ. ಈಶೋಯೇ! ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಪೆಸಹಾ ಹಾಲು ಕಾಯಿಸುತ್ತಿರುವವಳು ನಾನು. ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಬಿಟ್ಟರೆ ನನ್ನ ಬೆವರು ಒಂದು ಹನಿ ಬಿದ್ದಿದ್ದರೆ ಬಿದ್ದೀತು. ಇದನ್ನು ಓದಿದ ಪರವೂರಿನವರು ನಮ್ಮ ಮಕ್ಕಳ ಮುಖವನ್ನು ಹೇಗೆ ನೋಡಿಯಾರು?

ಬರೀ ಸುಳ್ಳಾಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆವು. ಆದರೆ ಆ ಕತೆಯ ಇಗರ್ಜಿಯಲ್ಲಿ ಒಡೆದ ಗಂಟೆ ಇತ್ತು, ಕುಂಟ ಕಪ್ಯಾರ್ ಇದ್ದ, ಮೆಟ್ಟಿಲ ಪಕ್ಕ ಸಿಡಿಲು ಬಡಿದ ಹಲಸಿನ ಮರವಿತ್ತು. ಇದೆಲ್ಲ ನಮ್ಮದೇ. ಒಳಗಿನವರು ಬಾಯಿ ಬಿಡದೆ ಹೊರಗಿನವರಿಗೆ ಹೇಗೆ ಗೊತ್ತಾದೀತು?

"ಯಾರೋ ನಮ್ಮೋರೇ," ಎಂದ ಪೈಲಿ, ಮತ್ತು ನಮ್ಮ ಬೇಲಿಯಾಚೆ ನೋಡಿದ. ನಾನೂ ನೋಡಿದೆ.

ದಾಸವಾಳದ ಬೇಲಿಯಾಚೆ ಉಲಹನ್ನಾನ್ ಮಾಷ್‌ನ ಮನೆ. ಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಾರೆ. ಹರೆಯದಲ್ಲಿ ಪಾದ್ರಿಯಾಗಲೆಂದು ಸೆಮಿನರಿಗೆ ಹೋಗಿ, ಮಧ್ಯದಲ್ಲೇ ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂದವರು. ಹೋದ ಮಳೆಗಾಲದಲ್ಲಿ ಅವರ ಹೆಂಡತಿ ತ್ರೇಸ್ಯ ತೀರಿಕೊಂಡಳು. ಮಾಷ್‌ಗೆ ಸ್ಕೂಲು, ಮಗಳು ಸಾರಕುಟ್ಟಿಗೆ ಪರೀಕ್ಷೆ. ಹಾಗಾಗಿ ಆಸ್ಪತ್ರೆಯಲ್ಲಿ ತ್ರೇಸ್ಯಳ ಜೊತೆಗಿದ್ದವಳು ನಾನು. ಗಂಜಿ ಕುಡಿಸಿದೆ, ತಲೆ ಬಾಚಿದೆ, ನೋವು ಮರೆಯಲೆಂದು ಊರಿನ ಕತೆಗಳನ್ನೆಲ್ಲ ಉಪ್ಪುಖಾರ ಹಾಕಿ ಹೇಳಿದೆ. ಅಲ್ಲಿಯೂ ನೆಮ್ಮದಿ ಇರಲಿಲ್ಲ. ಪಕ್ಕದ ಮಂಚದ ಮುದುಕಿಯ ಜೊತೆಗಿದ್ದ ಕನ್ನಡಕದ ಹೆಂಗಸು ಸ್ಟೂಲು ಎಳೆದುಕೊಂಡು ಹತ್ತಿರ ಹತ್ತಿರ ಸರಿಯುತ್ತಿದ್ದಳು. ನನ್ನ ಹೊಸ ಫ್ಲಾಸ್ಕಿನ ಮೇಲೆ ಅವಳ ಕಣ್ಣು ಎಂದು ಗೊತ್ತಾಗಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದೆ.

ಅಷ್ಟು ಮಾಡಿದವಳಿಗೆ ಮಾಷ್‌ನ ಮೇಲೆ ಅನುಮಾನ ಬರಬಾರದಿತ್ತು. ಆದರೆ ಬಾರದೆ ಏನು ಮಾಡೀತು? ಅವರೊಬ್ಬರೇ ಆ ವಾರಪತ್ರಿಕೆಯನ್ನು ಎಲ್ಲರೆದುರು ಕೊಂಡು, ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಜಗಲಿಯಲ್ಲಿ ಕೂತು ಕೆಂಪು ಪೆನ್ಸಿಲಿನಿಂದ ಅದರಲ್ಲಿ ಗೆರೆ ಎಳೆಯುತ್ತಿದ್ದರು. ನನ್ನ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತದೆ. ಓದುವವನಿಗೆ ಗೆರೆ ಯಾಕೆ? ಬರೆದವನು ಅಚ್ಚಿನ ತಪ್ಪು ನೋಡುತ್ತಿದ್ದಾನೆ, ಮತ್ತೇನು!

"ನಿನಗೆ ಅವರು ಕೆಮ್ಮಿದ್ರೂ ಅನುಮಾನ," ಎಂದರು ಅವಿರಾ.

"ನೀವು ಸುಮ್ನಿರಿ. ಬೆಂಕಿ ಇಲ್ದೆ ಹೊಗೆ ಆಡುತ್ತಾ?"

ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಪಡಸಾಲೆಯಲ್ಲಿ ಸಭೆ ಸೇರಿತು. ಎಲ್ಲರ ಕೈಯಲ್ಲೂ ಆಶೀರ್ವಾದ ಮಾಡಿಸಿದ ತೆಂಗಿನ ಗರಿ. ನಮ್ಮ ಪಾದ್ರಿ ಚೆರಿಯಾನಚ್ಚನ್ ಇನ್ನೂ ಹುಡುಗ, ಕೋಪ ಬಂದರೆ ಕಿವಿ ಕೆಂಪಾಗುತ್ತದೆ. ಆವತ್ತು ಎರಡೂ ಕಿವಿ ದಾಸವಾಳ.

"ಈ ವಾರ ಹೊಸ ಸುಳ್ಳು ಬರೆದಿದ್ದಾರೆ," ಎಂದರು. "ಸಾವಾದ ಮನೆಗೆ ನಮ್ಮ ಜನ ಪೆಸಹಾ ಅಪ್ಪ ಕೊಡೋದಿಲ್ವಂತೆ. ಅಪ್ಪ ಸಿಗದೆ ಆ ಮನೆಯವರು ಹಸಿದು ಮಲಗ್ತಾರಂತೆ!"

ಸಭೆ ಹೋ ಎಂದಿತು. ಎನ್ನದೆ ಇರುತ್ತದೆಯೇ? ಯಾವ ಮನೆಯಲ್ಲಿ ಆ ವರ್ಷ ಸಾವಾಗಿದೆಯೋ ಅವರು ಪೆಸಹಾ ಅಪ್ಪ, ಆವತ್ತು ಮುರಿದು ಹಂಚುವ ಅಕ್ಕಿಯ ರೊಟ್ಟಿ, ಮಾಡುವಂತಿಲ್ಲ. ನೆರೆಯವರೇ ಮಾಡಿ, ಗರಿಯ ಶಿಲುಬೆ ಇಟ್ಟು, ಕತ್ತಲಾಗುವ ಮುಂಚೆ ಒಯ್ದು ಕೊಡಬೇಕು. ಜಗಳವಾಡಿ ಮಾತು ಬಿಟ್ಟವರೂ ಆವತ್ತು ಒಯ್ಯುತ್ತಾರೆ. ಅಜ್ಜಿಯ ಅಜ್ಜಿಯ ಕಾಲದಿಂದ ಅದು ತಪ್ಪಿದ್ದಿಲ್ಲ.

ಈಸ್ಟರ್ ಮುಗಿದ ಭಾನುವಾರ ಆ ಪತ್ರಿಕೆಯನ್ನು ಶಿಲುಬೆಯ ಕಟ್ಟೆಯ ಮುಂದೆ ಸುಡುವುದು ಎಂದು ತೀರ್ಮಾನವಾಯಿತು. ಆಗ ಹಿಂದಿನ ಬೆಂಚಿನಿಂದ ಉಲಹನ್ನಾನ್ ಮಾಷ್ ಎದ್ದರು.

"ಅಚ್ಚಾ, ಒಂದು ಮಾತು. ಇಲ್ಲಿರೋರಲ್ಲಿ ಅದನ್ನ ಓದಿದೋರು ಯಾರು?"

ಯಾರ ಕೈಯೂ ಮೇಲೇಳಲಿಲ್ಲ. ಅಚ್ಚನ್ ಕೂಡ ಗರಿ ತಿರುಗಿಸುತ್ತಾ ನಿಂತರು.

"ವಿಷ ಅಂತ ಗೊತ್ತಾಗೋಕೆ ಕುಡಿದೇ ನೋಡ್ಬೇಕಾ ಮಾಷೇ?" ಎಂದೆ.

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಮಾಷ್ ನನ್ನನ್ನೇ ಒಂದು ಗಳಿಗೆ ನೋಡಿದರು. ಬೇಸರವೋ ನಗುವೋ ಗೊತ್ತಾಗದ ಮುಖ. "ಸರಿ ಚೇಡತ್ತಿ," ಎಂದು ಮಗಳ ಕೈ ಹಿಡಿದು ಹೊರಟುಹೋದರು.

ಅವರು ಮೆಟ್ಟಿಲಿಳಿದದ್ದೇ ತಡ, ಇಗರ್ಜಿಯ ವ್ಯವಹಾರ ನೋಡುವ ತೊಮ್ಮಿ ಗಂಟಲು ಸರಿಮಾಡಿಕೊಂಡ. "ಸುರಂಗದ ಕತೆಗೆ ಮಣ್ಣು ಹೊತ್ತೋರು ಯಾರು ಅಂತ ಈಗ ಗೊತ್ತಾಯ್ತಲ್ಲ. ಈ ಗುರುವಾರ ಅಲ್ಲಿಗೆ ಯಾರೂ ಅಪ್ಪ ತಗೊಂಡು ಹೋಗ್ಬೇಡಿ. ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ನೋಡೋಣ."

ಎಲ್ಲರೂ ನನ್ನತ್ತ ತಿರುಗಿದರು. ಬೇಲಿ ಹಂಚಿಕೊಂಡವಳು ನಾನೇ ಅಲ್ಲವೇ? ಅಚ್ಚನ್ ಬೇಡ ಎನ್ನದೆ ಗರಿಯ ತುದಿ ಸೀಳತೊಡಗಿದರು.

"ನಾನಂತೂ ಒಯ್ಯಲ್ಲ," ಎಂದೆ.

ಗುರುವಾರ ಬಂತು. ಅಕ್ಕಿಹಿಟ್ಟಿಗೆ ಉದ್ದು ರುಬ್ಬಿ ಸೇರಿಸಿ, ಹುಳಿ ಬರುವ ಮುಂಚೆಯೇ ಆವಿಯಲ್ಲಿ ಬೇಯಲಿಟ್ಟೆ. ತಟ್ಟೆ ತೆಗೆದು ನೋಡುತ್ತೇನೆ, ಎರಡು ಅಪ್ಪ! ಕೈ ತನ್ನಷ್ಟಕ್ಕೆ ಎರಡಕ್ಕೆ ಹೊಯ್ದಿತ್ತು. ಹಿಟ್ಟು ಹೆಚ್ಚಾಗಿತ್ತು, ಅಷ್ಟೇ, ಎಂದುಕೊಂಡೆ. ಎರಡರ ಮೇಲೂ ಗರಿಯ ಶಿಲುಬೆ ಇಟ್ಟು, ಎರಡನೆಯದನ್ನು ಬಾಳೆಲೆ ಮುಚ್ಚಿ ಅಡುಗೆಮನೆಯಲ್ಲೇ ಬಿಟ್ಟೆ.

ಸಂಜೆ ಪ್ರಾರ್ಥನೆಗೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಚಾಪೆಯ ಮೇಲೆ ಕೂತರು. ಅಪ್ಪ ಮುರಿಯುವ ಮುಂಚೆ ಸೊಸೆ ಲಿಸಿ ಸುವಾರ್ತೆ ಓದಿದಳು. ಕಡೆಯ ಊಟದ ಭಾಗ, ವರ್ಷವೂ ಓದುವುದೇ. ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಗುರು ಹೇಳುತ್ತಾನೆ. ಶಿಷ್ಯರಿಗೆ ದುಃಖವಾಗುತ್ತದೆ. ಒಬ್ಬೊಬ್ಬರಾಗಿ, ನಾನೋ ಕರ್ತನೇ, ನಾನೋ, ಎಂದು ಕೇಳುತ್ತಾರೆ.

"ನಿಲ್ಲು," ಎಂದೆ. "ಅದನ್ನ ಇನ್ನೊಂದು ಸಲ ಓದು."

ಲಿಸಿ ಓದಿದಳು. ಹನ್ನೆರಡು ಜನ. ಅವನೋ ಎಂದು ಪಕ್ಕದವನತ್ತ ಒಬ್ಬನೂ ಬೆರಳು ಮಾಡಲಿಲ್ಲ. ಕಪ್ಯಾರ್‌ನೋ, ಮಾಷೋ ಎಂದು ಸಭೆ ಕರೆಯಲಿಲ್ಲ. ಆಮೇಲೆ ಅಪ್ಪ ಮುರಿದು ಕೊಟ್ಟಾಗ, ಯಾರು ಏನೆಂದು ಗೊತ್ತಿದ್ದೂ, ಹಿಡಿದುಕೊಡಲಿದ್ದ ಯೂದಾಸನಿಗೂ ಒಂದು ತುಂಡು ಸಿಕ್ಕಿತಲ್ಲ.

ಅವಿರಾ ಚಾಕು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. "ಸಾವಿನ ಮನೆಗೆ ನಾವು ಅಪ್ಪ ಕೊಡಲ್ಲ ಅಂತ ಆ ಕತೆಗಾರ್ತಿ ಸುಳ್ಳು ಬರೆದಳು," ಎಂದರು. "ಅದನ್ನ ನಿಜ ಮಾಡೋಕೆ ನಾವು ಹೊರಟಿದ್ದೀವಿ. ಅಡುಗೆಮನೇಲಿ ಬಾಳೆಲೆ ಕೆಳಗೆ ಇರೋದು ಯಾರಿಗೆ? ಬೆಕ್ಕಿಗಾ?"

ನಾನು ಎದ್ದೆ. ಒಂದು ಕೈಯಲ್ಲಿ ಅಪ್ಪ, ಇನ್ನೊಂದರಲ್ಲಿ ಹಾಲಿನ ತಂಬಿಗೆ. ಬೇಲಿಯ ಸಂದಿಯಲ್ಲಿ ನುಸುಳುವಾಗ ತೊಮ್ಮಿಯ ಮನೆಯ ಕಡೆಗೆ ಒಮ್ಮೆ ನೋಡಿದೆ ಎಂಬುದೂ ನಿಜ.

ಮಾಷ್‌ನ ಮನೆಯಲ್ಲಿ ಮೇಜಿನ ಮೇಲೆ ಬೈಬಲ್ಲು ತೆರೆದಿತ್ತು. ಪಕ್ಕದಲ್ಲಿ ಎರಡು ಖಾಲಿ ಬಟ್ಟಲು, ತೊಳೆದು ಒರೆಸಿ ಇಟ್ಟದ್ದು. ಸಾರಕುಟ್ಟಿ ಬಾಗಿಲಲ್ಲೇ ನಿಂತಿದ್ದಳು.

"ಯಾರೂ ಬರ್ಲಿಲ್ವಾ ಮೋಳೇ?"

"ಇಲ್ಲ. ನೀವು ಬರ್ತೀರಿ ಅಂತ ನಮ್ಮಪ್ಪಚ್ಚನ್ ಹೇಳಿದ್ರು. ಅದಕ್ಕೇ ಬಟ್ಟಲು ತೊಳೆದಿಟ್ಟೆ."

ಆ ಬಟ್ಟಲುಗಳ ಪಕ್ಕ ಅಪ್ಪ, ತಂಬಿಗೆ ಇಟ್ಟೆ. ಮಾಷ್ ಒಳಗಿನಿಂದ ಬಂದರು.

"ಬನ್ನಿ ಚೇಡತ್ತಿ. ಅನುಮಾನ ಹೋಯ್ತಾ?"

"ಇಲ್ಲ," ಎಂದೆ. "ಪೆಸಹಾ ದಿನ ಸುಳ್ಳು ಯಾಕೆ ಹೇಳ್ಲಿ? ನೀವೇ ಬರೆದಿರಬಹುದು ಅಂತ ಈಗ್ಲೂ ಅನ್ಸುತ್ತೆ. ಆದ್ರೆ ಅಪ್ಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಆವತ್ತು ಎಲ್ಲರಿಗೂ ಸಿಕ್ಕಿದೆ."

"ಓಹೋ, ನಾನು ಯೂದಾಸ!"

"ಯಾರು ಅಂತ ನನಗೇನು ಗೊತ್ತು? ಇವತ್ತು ಕೇಳಬೇಕಾದ್ದು ಅದಲ್ವಂತೆ."

ಮಾಷ್ ನಕ್ಕರು. ಕಪಾಟಿನಿಂದ ವಾರಪತ್ರಿಕೆ ತೆಗೆದು, ಒಂದು ಪುಟ ಬಿಡಿಸಿ ನನ್ನ ಮುಂದಿಟ್ಟರು. "ವಿಷವೇ. ಆದ್ರೂ ಇವತ್ತು ಒಂದು ಗುಟುಕು ಕುಡಿದು ನೋಡಿ."

ಕನ್ನಡಕ ಏರಿಸಿ ಓದಿದೆ. ಎಷ್ಟೋ ವಾರ ಬೈದದ್ದನ್ನು ಮೊದಲ ಸಲ ಕಣ್ಣಿಂದ ನೋಡಿದೆ. ಕೆಂಪು ಗೆರೆ ಎಳೆದಲ್ಲಿ ಹೀಗಿತ್ತು: ಒಬ್ಬ ದೊಡ್ಡ ಮನೆತನದ ಯಜಮಾನ ಉಪವಾಸದ ಕಾಲದಲ್ಲಿ ಕದ್ದು ಬಾತುಕೋಳಿ ತಿನ್ನುತ್ತಾನೆ. ಪಾಪನಿವೇದನೆಗೆ ಹೋಗಿ, ಬರೀ ಒಂದು ಮೊಟ್ಟೆ ತಿಂದೆ ಅಚ್ಚಾ, ಅದರೊಳಗೆ ಯಾರಿದ್ದರೋ ನೋಡಲಿಲ್ಲ, ಎನ್ನುತ್ತಾನೆ. ಆ ಕ್ಷಣ ಮೇಲೆ ಗಂಟೆ ತಾನಾಗಿ ಒಡೆಯುತ್ತದೆ. ಆಮೇಲೆ ಆ ಪಾದ್ರಿ ಬಾತುಕೋಳಿಯ ಗುಟ್ಟು ಹಿಡಿದು ಅವನ ಆಸ್ತಿ ಬರೆಸಿಕೊಳ್ಳುತ್ತಾನೆ, ಕೊಲೆಯಾಗುತ್ತದೆ, ಇನ್ನೂ ಏನೇನೋ.

ಕೆಂಪು ಗೆರೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ನಮ್ಮ ಗಂಟೆ ಲಾರಿಯಿಂದ ಇಳಿಸುವಾಗ ಜಾರಿಬಿದ್ದು ಒಡೆದದ್ದು. ಅದು ಇಡೀ ಊರಿಗೆ ಗೊತ್ತು. ಬಾತುಕೋಳಿ ಮಾತ್ರ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅಂಥ ಬಾತುಕೋಳಿ ಇರಲೇ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತು, ನನ್ನ ಪಾಪದ ಮಾವನ ತಲೆಗೆ ಕಟ್ಟಿ ನಾನೇ ಹುಟ್ಟಿಸಿದ ಬಾತುಕೋಳಿ ಅದು. ಆವತ್ತು ಕೇಳಿದವರು ಇಬ್ಬರು. ತ್ರೇಸ್ಯ ಮಣ್ಣಾದಳು. ಇನ್ನೊಬ್ಬಳು ಸ್ಟೂಲು ಎಳೆದುಕೊಂಡು "ಆಮೇಲೆ ಚೇಡತ್ತಿ? ಆಮೇಲೆ?" ಎನ್ನುತ್ತಿದ್ದವಳು. ಕುಂಟ ಕಪ್ಯಾರ್, ಹಲಸಿನ ಮರ, ಸಾವಿನ ಮನೆಯ ಅಪ್ಪ, ಎಲ್ಲವನ್ನೂ ಕೈಯಾರೆ ಬಡಿಸಿದವಳು ನಾನು. ಫ್ಲಾಸ್ಕ್ ಕಾದುಕೊಂಡು ಬಾಯಿ ಬಿಚ್ಚಿಟ್ಟಿದ್ದೆ! ಕುಂಬಳಕಾಯಿ ಕಳ್ಳನನ್ನು ಹಿಡಿಯಲು ಊರೆಲ್ಲ ಅಲೆದವಳು ನನ್ನ ಹೆಗಲ ಮೇಲಿನ ಬೂದಿಯನ್ನು ನೋಡಿಕೊಂಡಿರಲಿಲ್ಲ.

"ಮಾಷೇ," ಎಂದೆ. "ನಿಮಗೆ ಗೊತ್ತಿತ್ತಾ?"

"ಎರಡನೇ ವಾರಕ್ಕೇ ಗೊತ್ತಾಯ್ತು. ಆ ಮಾತಿನ ವರಸೆ ಬೇರೆ ಯಾರದ್ದು?"

"ಸಭೇಲಿ ಹೇಳ್ಬಾರದಿತ್ತಾ? ನಾನು ನಿಮ್ಮನ್ನ ಅಷ್ಟು ಜನರ ಮುಂದೆ..."

ಮಾಷ್ ಕುರ್ಚಿ ಎಳೆದು ಕೂತರು. ಮೇಜಿನ ಮೇಲಿನ ಬಟ್ಟಲನ್ನು ಅತ್ತಿತ್ತ ಸರಿಸಿದರು.

"ನೀವು ಬಾತುಕೋಳಿ ಕತೆ ಹೇಳ್ತಿದ್ದಾಗ ನಾನು ವಾರ್ಡಿನ ಬಾಗಿಲಲ್ಲಿದ್ದೆ," ಎಂದರು. "ತ್ರೇಸ್ಯ ನಗ್ತಿದ್ಲು. ಸಾಕು ಚೇಡತ್ತಿ, ಹೊಲಿಗೆ ಬಿಚ್ಚುತ್ತೆ, ಅಂತ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು. ಒಳಗೆ ಬಂದ್ರೆ ನಿಂತುಹೋಗುತ್ತೆ ಅಂತ ನಾನು ಹೊರಗೇ ನಿಂತೆ. ಆಮೇಲೆ ಅವಳು ನಕ್ಕಿದ್ದನ್ನ ನಾನು ಕೇಳಿಲ್ಲ."

ಸಾರಕುಟ್ಟಿ ತಂದೆಯ ಕುರ್ಚಿಯ ಹಿಂದೆ ಬಂದು ನಿಂತಳು.

"ಆ ಹೆಂಗಸು ಬರೆದದ್ದಕ್ಕೆ ನನಗೂ ಸಿಟ್ಟಿದೆ. ನಮ್ಮ ಹಾಲಿಗೆ ರಕ್ತ ಸುರಿದಿದ್ದಾಳೆ. ಆದ್ರೆ ಅಷ್ಟು ಕೆಸರಿನ ಮಧ್ಯೆ ವಾರಕ್ಕೊಂದು ಸಲ ನೀವು ತ್ರೇಸ್ಯಂಗೆ ಹೇಳಿದ ಒಂದು ಮಾತು ಸಿಗುತ್ತೆ. ಅದರ ಕೆಳಗೆ ಗೆರೆ ಎಳೀತೀನಿ. ಎಳೆಯೋವಾಗ ಅವಳು ನಗೋದು ಕೇಳುತ್ತೆ. ನಿಮ್ಮ ಹೆಸರು ಹೇಳಿದ್ರೆ ಊರೋರು ನಿಮ್ಮ ಬಾಯಿ ಮುಚ್ಚಿಸ್ತಾರೆ. ಆ ಬಾಯಿ ನನ್ನ ಹೆಂಡತೀನ ನಗಿಸಿದ್ದು ಚೇಡತ್ತಿ. ನಾನು ಹ್ಯಾಗೆ ಹೇಳ್ಲಿ?"

ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಅತ್ತೆ. ತ್ರೇಸ್ಯಳನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ.

ಮಾಷ್ ಎದ್ದು ಪ್ರಾರ್ಥನೆ ಹೇಳಿ, ಗರಿಯ ಶಿಲುಬೆ ತೆಗೆದು, ಅಪ್ಪ ಮುರಿದರು. ಹಿರಿಯರಿಗೆ ಮೊದಲು ಕೊಡುವುದು ಪದ್ಧತಿ. ಹಾಲಲ್ಲಿ ಅದ್ದಿ ಮೊದಲ ತುಂಡನ್ನು ನನಗೆ ಚಾಚಿದರು. ಎರಡೂ ಕೈ ಒಡ್ಡಿ ತೆಗೆದುಕೊಂಡೆ.

"ಚೇಡತ್ತೀ," ಎಂದಳು ಸಾರಕುಟ್ಟಿ, ತಿನ್ನುತ್ತಾ. "ಅಮ್ಮ ನಕ್ಕಿದ್ದು ಹ್ಯಾಗೆ ಹೇಳಿದ್ದಕ್ಕೆ? ನಂಗೂ ಹೇಳಿ."

ಹೇಳಿದೆ. ಮೊಟ್ಟೆಯ ಜಾಗಕ್ಕೆ ಬಂದಾಗ ಅವಳು ನಕ್ಕಳು. ಥೇಟು ತ್ರೇಸ್ಯಳದೇ ನಗು. ಮಾಷ್ ಎದ್ದು ಜಗಲಿಗೆ ಹೋದರು.

ಮರುದಿನ ಶುಭ ಶುಕ್ರವಾರ. ಶಿಲುಬೆಯ ದಾರಿ ಮುಗಿದ ಮೇಲೆ ಎಲ್ಲರೂ ಹಾಗಲಕಾಯಿಯ ರಸ ಕುಡಿಯಬೇಕು. ಆವತ್ತು ಕರ್ತನಿಗೆ ಕುಡಿಸಿದ ಕಹಿಯ ನೆನಪಿಗೆ. ಹಲಸಿನ ಮರದ ಕೆಳಗೆ ಪೈಲಿ ಕೊಳಗ ಇಟ್ಟುಕೊಂಡು ಸೌಟಿನಲ್ಲಿ ಹೊಯ್ಯುತ್ತಿದ್ದ. ಅಚ್ಚನ್ ಪಕ್ಕದಲ್ಲಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದ ತೊಮ್ಮಿ ತಿರುಗಿದ.

"ನಿನ್ನೆ ಬೇಲಿ ದಾಟಿದ್ರಂತೆ?"

"ದಾಟಿದೆ. ಕಣ್ಣು ಚುರುಕಾಗಿದೆ ನಿಂದು," ಎಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅಚ್ಚಾ, ನೀವು ಹುಡುಕ್ತಿದ್ದ ಒಳಗಿನೋರು ನಾನೇ. ಆಸ್ಪತ್ರೇಲಿ ಬಾಯಿಗೆ ಬಂದದ್ದೆಲ್ಲ ಹೇಳಿದೆ, ಆ ಕತೆಗಾರ್ತಿ ಪಕ್ಕದಲ್ಲೇ ಕೂತಿದ್ಲು. ಮಾಷ್ ಒಂದು ಅಕ್ಷರ ಬರೆದಿಲ್ಲ. ಗೊತ್ತಿದ್ದೂ ನನ್ನ ಹೆಸರು ಹೇಳ್ಲಿಲ್ಲ."

ನನ್ನ ಹಿಂದಿದ್ದವರು ಒಂದು ಹೆಜ್ಜೆ ಸರಿದರು. ಆ ಒಂದು ಹೆಜ್ಜೆ ಹೇಗಿರುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು. ಅದನ್ನು ಮಾಷ್ ಇಡೀ ಉಪವಾಸ ಅನುಭವಿಸಿದ್ದರು.

"ಸುಡೋದಾದ್ರೆ ಮೊದಲು ಓದಿ ಅಚ್ಚಾ," ಎಂದೆ. "ಎಲ್ಲೆಲ್ಲಿ ಸುಳ್ಳು ಅಂತ ನಾನೇ ತೋರಿಸ್ತೀನಿ, ಅರ್ಧ ನನ್ನವೇ. ಅವಳಿಗೊಂದು ಕಾಗದ ಹಾಕಿ. ಬರೋ ವರ್ಷ ಬಂದು ನಮ್ಮ ಹಾಲಲ್ಲಿ ಏನಿದೆ ಅಂತ ಕುಡಿದೇ ನೋಡ್ಲಿ. ಬೇಕಾದ್ರೆ ಫ್ಲಾಸ್ಕಲ್ಲಿ ತುಂಬಿ ಕೊಟ್ಟು ಕಳಿಸ್ತೀನಿ."

ಅಚ್ಚನ್ ಕಿವಿ ಕೆಂಪಾಯಿತು. ಕೋಪ ಇರಲಿಕ್ಕಿಲ್ಲ, ಅವರು ನೋಡುತ್ತಿದ್ದದ್ದು ಮಾಷ್‌ನ ಕಡೆಗೆ.

ಸಾಲಿನ ತುದಿಯಲ್ಲಿದ್ದ ಮಾಷ್ ಮುಂದೆ ಬಂದು, ಜನ ಬಿಟ್ಟ ಆ ಖಾಲಿ ಜಾಗದಲ್ಲಿ ನನ್ನ ಬೆನ್ನಿಗೇ ನಿಂತರು. ಸಾರಕುಟ್ಟಿ ನನ್ನ ಕೈ ಹಿಡಿದಳು.

"ಕುಡೀರಿ ಚೇಡತ್ತಿ, ಸಾಲು ನಿಂತಿದೆ," ಎಂದರು ಮಾಷ್. "ಎಷ್ಟಾದ್ರೂ ನಿಮ್ಮ ಬಾಯಿಗಿಂತ ಕಹಿ ಇರಲ್ಲ."

ಮೊದಲು ನಕ್ಕವನು ಪೈಲಿ. ಶುಭ ಶುಕ್ರವಾರ ನಗಬಾರದು ಎಂದು ಅವನಿಗೆ ಆಮೇಲೆ ನೆನಪಾಯಿತು. ನಾನು ಬಟ್ಟಲು ತೆಗೆ‌ದುಕೊಂಡು ಒಂದೇ ಗುಟುಕಿಗೆ ಕುಡಿದೆ. ಕಹಿಯಾಗಿಯೇ ಇತ್ತು.